ಸಹಾಯ ಬೇಕು: ಬೆಳಗಿನ ಹೊತ್ತು ಬೆರಳು ಮಡಚೋಕೇ ಆಗಲ್ಲ

ಎಲ್ಲರಿಗೂ ನಮಸ್ಕಾರ. ನನಗೆ ರುಮಟಾಯ್ಡ್ ಆರ್ಥ್ರೈಟಿಸ್ ಅಂತ ಗೊತ್ತಾಗಿ 5 ತಿಂಗಳಾಯಿತು. ವಯಸ್ಸು 38. "ಇಷ್ಟು ಬೇಗ ಕೀಲು ಸವೆಯಿತಾ?" ಅಂತ ಎಲ್ಲರೂ ಕೇಳುತ್ತಾರೆ. ಇದು ಸವೆತ ಅಲ್ಲ, ನಮ್ಮ ರೋಗನಿರೋಧಕ ಶಕ್ತಿಯೇ ಕೀಲಿನ ಒಳಪದರದ ಮೇಲೆ ತಿರುಗಿಬೀಳುವ ಕಾಯಿಲೆ. ಹೇಳಿ ಹೇಳಿ ಸಾಕಾಗಿದೆ!

ವಾರಕ್ಕೆ ಒಂದೇ ದಿನ ಮೆಥೊಟ್ರೆಕ್ಸೇಟ್ (ಈ ಕಾಯಿಲೆಯನ್ನು ಹತೋಟಿಯಲ್ಲಿಡುವ ಮಾತ್ರೆ), ಜೊತೆಗೆ ಅದರ ಅಡ್ಡಪರಿಣಾಮ ಕಡಿಮೆ ಮಾಡೋಕೆ ಫೋಲಿಕ್ ಆಸಿಡ್. ರಕ್ತ, ಲಿವರ್ ಪರೀಕ್ಷೆ ತಪ್ಪಿಸಿಲ್ಲ. ಊತ ಇಳಿದಿದೆ. ಆದರೆ ಎದ್ದ ಮೇಲೆ ಒಂದು ಗಂಟೆ ಬೆರಳುಗಳು ಕಟ್ಟಿಗೆಯ ಹಾಗೆ ಬಿಗಿದುಕೊಂಡಿರುತ್ತವೆ. ಪೇಸ್ಟಿನ ಮುಚ್ಚಳವನ್ನು ಎರಡು ಅಂಗೈ ನಡುವೆ ಇಟ್ಟು ತಿರುಗಿಸುತ್ತೇನೆ. ನಿನ್ನೆ ಶರ್ಟಿನ ಮೇಲಿನ ಗುಂಡಿ ಹಾಕಲಾಗದೆ ಸುಮ್ನೆ ಮಂಚದ ಮೇಲೆ ಕೂತುಬಿಟ್ಟೆ.

ಬಿಸಿನೀರಲ್ಲಿ ಕೈ ಅದ್ದಿದರೆ ಸ್ವಲ್ಪ ಸಡಿಲವಾಗುತ್ತದೆ. ರಾತ್ರಿ ಮಣಿಕಟ್ಟಿಗೆ ಸ್ಪ್ಲಿಂಟ್ (ಕೀಲು ಅಲುಗಾಡದಂತೆ ಹಿಡಿಯುವ ಆಧಾರಪಟ್ಟಿ) ಹಾಕಿ ಮಲಗುವವರು ಇದ್ದೀರಾ? ಉಪಯೋಗ ಆಯಿತಾ? ಇನ್ನೊಂದು, ಮಾತ್ರೆ ತಗೊಂಡ ಮರುದಿನ ವಾಕರಿಕೆ ಜಾಸ್ತಿ. ಡಾಕ್ಟರ್ ಇಂಜೆಕ್ಷನ್‌ಗೆ ಬದಲಾಯಿಸೋಣವೇ ಅಂತಿದ್ದಾರೆ. ಬದಲಾಯಿಸಿಕೊಂಡವರು ಹೇಗಾಯಿತು ಹೇಳಿ.

ದಯವಿಟ್ಟು ಮಾತ್ರೆ ನಿಲ್ಲಿಸಿ ಅಂತ ಮಾತ್ರ ಹೇಳಬೇಡಿ. ಒಮ್ಮೆ ನಾನಾಗಿಯೇ ಎರಡು ವಾರ ಬಿಟ್ಟು, ಮಂಡಿ ಊದಿಕೊಂಡು ಅನುಭವಿಸಿದ್ದೇನೆ.