ಥಾಯ್ಲೆಂಡಿನ ಹಾರ್ಡ್‌ವೇರ್ ಅಂಗಡಿ: ಭಾಷೆ ಬಾರದವರು ನಲ್ಲಿ, ಮೊಳೆ, ಬಲ್ಬು ಕೊಳ್ಳೋದು ಹೇಗೆ?

ಪ್ರಶ್ನೆ, ಶ್ರೀರಾಚಾದಿಂದ

ಎಲ್ಲರಿಗೂ ನಮಸ್ಕಾರ. ನಾವು ಬೆಂಗಳೂರಿಂದ ಚೊನ್‌ಬುರಿ ಪ್ರಾಂತ್ಯದ ಶ್ರೀರಾಚಾಗೆ ಬಂದು ಎರಡು ತಿಂಗಳಾಯ್ತು. ಬಾಡಿಗೆಗೆ ಹಿಡಿದಿರೋದು ಹಳೇ ಮನೆ. ಅಡುಗೆಮನೆ ನಲ್ಲಿ ತೊಟ್ಟಿಕ್ಕುತ್ತೆ, ಬಚ್ಚಲಿನ ಬಲ್ಬು ಹೋಗಿದೆ, ದೇವರ ಫೋಟೋ ಇಡೋಕೆ ಗೋಡೆಗೊಂದು ಹಲಗೆ ಹೊಡೀಬೇಕು. ಓನರಮ್ಮ ಇರೋದು ಬ್ಯಾಂಕಾಕಲ್ಲಿ. "ನೀವೇ ಮಾಡಿಸ್ಕೊಳ್ಳಿ, ಬಾಡಿಗೇಲಿ ಮುರ್ಕೊಳ್ಳಿ" ಅಂದ್ಬಿಟ್ರು. ಮೊನ್ನೆ ಒಂದು ದೊಡ್ಡ ಮಳಿಗೆಗೆ ಹೋಗಿ ಒಂದೂವರೆ ಗಂಟೆ ಸುತ್ತಿ, ಕೊನೆಗೆ ಒಂದು ಬಕೆಟ್ ತಗೊಂಡು ಬಂದೆ. ನಲ್ಲಿ ಕೆಳಗೆ ಇಡೋಕೆ! ನನ್ನ ಥಾಯ್ "ಸವಾದೀ ಖಾ" ದಾಟಿ ಮುಂದೆ ಹೋಗಿಲ್ಲ. ಯಾವುದಕ್ಕೆ ಎಲ್ಲಿಗೆ ಹೋಗ್ಬೇಕು, ಹೇಗೆ ಕೇಳ್ಬೇಕು? ಗೊತ್ತಿದ್ದವರು ಹೇಳಿ.

ಚಿಯಾಂಗ್ ಮಾಯ್‌ನಿಂದ

ಮೇಡಂ, ಆ ಬಕೆಟ್ ನಾನೂ ತಂದವನೇ. ಒಂಬತ್ತು ವರ್ಷದ ಹಿಂದೆ.

ಹೆಸರು ಬಾಯಿಪಾಠ ಮಾಡೋಕೆ ಹೋಗ್ಬೇಡಿ. ಹಾಳಾದ ಸಾಮಾನನ್ನೇ ಬಿಚ್ಚಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕ್ಕೊಂಡು ಹೋಗಿ. ಫೋಟೋ ಸಾಲದು, ಫೋಟೋದಲ್ಲಿ ಅರ್ಧ ಇಂಚೂ ಮುಕ್ಕಾಲು ಇಂಚೂ ಒಂದೇ ಥರ ಕಾಣುತ್ತೆ. ಆದ್ರೆ ಬಿಚ್ಚೋ ಮುಂಚೆ ಮೀಟರ್ ಪಕ್ಕದ ವಾಲ್ವ್ ಮುಚ್ಚಿ, ಪಂಪಿನ ಪ್ಲಗ್ಗೂ ತೆಗೀರಿ. ನಮ್ಮೂರಲ್ಲಿ ಟ್ಯಾಂಕು ತಾರಸಿ ಮೇಲೆ. ಇಲ್ಲಿ ಎಷ್ಟೋ ಮನೆಗಳಲ್ಲಿ ಟ್ಯಾಂಕು ನೆಲದ ಮೇಲೆ ಕೂತಿರುತ್ತೆ, ನಲ್ಲಿ ತಿರುಗಿಸಿದ ಕೂಡಲೇ ಪಂಪು ತಾನಾಗೇ ಶುರುವಾಗುತ್ತೆ. ನಾನು ಮೈಸೂರಿನ ಬುದ್ಧಿಯಲ್ಲಿ ಬರೀ ವಾಲ್ವ್ ಮುಚ್ಚಿದೆ, ಅದೂ ತಪ್ಪು ವಾಲ್ವ್. ನಲ್ಲಿ ಕೈಗೆ ಬಂತು, ಹಿಂದೆಯೇ ನೀರು ಎದುರಿನ ಗೋಡೆಗೆ ಹೊಡೀತು.

ದೊಡ್ಡ ಮಳಿಗೆ ಸದ್ಯಕ್ಕೆ ಮರೀರಿ. ನಿಮ್ಮ ಬೀದಿಯ ಆಸುಪಾಸಿನಲ್ಲೇ ಪೈಪುಗಳನ್ನ ನೆಟ್ಟಗೆ ನಿಲ್ಲಿಸಿ, ಸಿಮೆಂಟ್ ಚೀಲ ಪೇರಿಸಿರೋ ಅಂಗಡಿ ಒಂದು ಇದ್ದೇ ಇರುತ್ತೆ. ಅದಕ್ಕೆ "ರಾನ್ ವಾತ್ಸಾದು ಕೋ ಸಾಂಗ್" ಅಂತಾರೆ, ಕಟ್ಟಡ ಸಾಮಗ್ರಿ ಅಂಗಡಿ. ಈ "ವಾತ್ಸಾದು" ಬೇರೆ ಯಾವುದೂ ಅಲ್ಲ, ನಮ್ಮ "ವಸ್ತು"ವೇ. ನೀರು ಸರಬರಾಜಿಗೆ "ಪ್ರಪಾ" ಅಂತಾರೆ, ಪ್ಲಂಬರ್‌ಗೆ "ಚಾಂಗ್ ಪ್ರಪಾ". ಅದೂ ಸಂಸ್ಕೃತದ ಪ್ರಪೆ, ಅಂದ್ರೆ ಅರವಟ್ಟಿಗೆ. ಇದು ಗೊತ್ತಾದ ದಿನದಿಂದ ನನಗೆ ಈ ಊರು ಸ್ವಲ್ಪ ಹತ್ತಿರವಾಯ್ತು.

ಅಂಗಡಿ ನಡೆಸೋರು ಬಹಳ ಕಡೆ ಚೀನೀ ಮೂಲದ ಥಾಯ್ ಕುಟುಂಬದವರು. ಯಜಮಾನರನ್ನ ಊರವರು "ಹಿಯಾ" ಅಂತಾರೆ, ಅಂದ್ರೆ ಅಣ್ಣ. ಯಜಮಾನಿತಿಗೆ "ಜೇ", ಅಕ್ಕ. ಹೊಸಬರಿಗೆ "ಪೀ" ಸಾಕು, ಅಣ್ಣನಿಗೂ ಅಕ್ಕನಿಗೂ ಒಂದೇ. ನಾನು ಮೊದಲ ಸಲ ಹೋದಾಗ ನಮ್ಮ ಹಿಯಾ ನನ್ನ ಹಳೇ ನಲ್ಲಿಯನ್ನ ಬನಿಯನ್ನಿಗೆ ಒರೆಸಿ, ತಿರುಪಿನ ಬಾಯೊಳಗೆ ಕಿರುಬೆರಳು ತೂರಿಸಿ ನೋಡಿ, "ಸೀ ಹುನ್" ಅಂತ ಗೊಣಗಿ ಒಳಗಿನ ಕತ್ತಲಿಗೆ ಹೋದರು. ಬರುವಾಗ ಅಂಗೈಯಲ್ಲಿ ಮೂರು ನಲ್ಲಿ. ಒಂದೊಂದನ್ನೂ ಒಂದು ಪೈಪಿನ ತುಂಡಿಗೆ ತಿರುಗಿಸಿ ತೋರಿಸಿದರು, ಮೂರನೆಯದನ್ನ ನನ್ನ ಕೈಗಿಟ್ಟರು. ಬಾಯಿ ಬಿಡದೆ ಕ್ಯಾಲ್ಕುಲೇಟರಲ್ಲಿ 65 ಒತ್ತಿದರು. ವ್ಯಾಪಾರ ಮುಗೀತು.

ಆ "ಹುನ್" ಒಂದನ್ನ ಮಾತ್ರ ಕಲಿತುಬಿಡಿ. ಇಂಚಿನ ಎಂಟನೇ ಒಂದು ಭಾಗ. ಅರ್ಧ ಇಂಚು "ಸೀ ಹುನ್", ನಾಲ್ಕು ಹುನ್. ಮುಕ್ಕಾಲು ಇಂಚು "ಹೋಕ್ ಹುನ್", ಆರು. ಮನೆಯ ನಲ್ಲಿಗಳು ಸಾಮಾನ್ಯವಾಗಿ ಸೀ ಹುನ್. ಇಂಚಿಗೆ "ನಿವ್" ಅಂತಾರೆ, ಆ ಪದಕ್ಕೆ ಬೆರಳು ಅಂತಲೂ ಅರ್ಥ. ನಮ್ಮ ಅಂಗುಲವೂ ಬೆರಳಿಂದಲೇ ಬಂದದ್ದಲ್ವೇ.

"ಅನ್ ನೀ, ಮೀ ಮಾಯ್?" ಅಂದ್ರೆ ಇಂಥದ್ದು ಇದೆಯಾ. ಉತ್ತರ "ಮೀ" ಬಂದ್ರೆ ಇದೆ. ನಮ್ಮ ಕಿವಿಗೆ ಅದೇ ಎರಡು ಪದ ತಿರುವುಮುರುವಾದ ಹಾಗೆ "ಮಾಯ್ ಮೀ" ಅಂತ ಬಂದ್ರೆ ಇಲ್ಲ. "ಮೋತ್" ಅಂದ್ರೆ ಖಾಲಿಯಾಗಿದೆ. ಎಷ್ಟೋ ಸಲ ನೀವು ಕೇಳಿದ್ದು ಅರ್ಥ ಆಗದಿದ್ದಾಗಲೂ ನಾಚಿಕೆಗೆ "ಮಾಯ್ ಮೀ" ಅಂದುಬಿಡ್ತಾರೆ. ಒಮ್ಮೆ ಸಾಮಾನು ತೋರಿಸಿಯೇ ಕೇಳಿ, ಆಮೇಲೆ ನಂಬಿ. ಬೆಳಿಗ್ಗೆ ಬೇಗ ತೆಗೀತಾರೆ, ಸಂಜೆ ಐದರ ಹೊತ್ತಿಗೆ ಶಟರ್ ಎಳೀತಾರೆ. ಭಾನುವಾರ ಬಹಳ ಕಡೆ ರಜ.

ಬ್ಯಾಂಕಾಕಿನಿಂದ

ಮೇಲಿನವರು ದೊಡ್ಡ ಮಳಿಗೆಗಳ ಬಗ್ಗೆ ಸ್ವಲ್ಪ ಜಾಸ್ತಿಯೇ ಸಿಟ್ಟಾಗಿದ್ದಾರೆ ಅನ್ಸುತ್ತೆ. ಹೆಂಗಸೊಬ್ಬಳೇ ಹೋಗಿ ನಿಧಾನಕ್ಕೆ ನೋಡ್ಕೊಂಡು ಬರೋಕೆ ನನಗೆ ಅವೇ ಇಷ್ಟ. ಎಸಿ ಇದೆ, ಬೆಲೆ ಬರೆದಿರುತ್ತೆ, ಶೇಕಡಾ 7ರ ವ್ಯಾಟ್ ಅದರಲ್ಲೇ ಸೇರಿರುತ್ತೆ, ರಾತ್ರಿಯವರೆಗೂ ತೆಗೆದಿರುತ್ತೆ. ಬಚ್ಚಲು, ಅಡುಗೆಮನೆ, ಫ್ಯಾನು, ದೀಪ ಅಂದ್ರೆ ಹೋಮ್‌ಪ್ರೋ. ಸಿಮೆಂಟು, ಕಬ್ಬಿಣ, ಪೈಪು, ಟೈಲ್ಸ್ ಅಂದ್ರೆ ಥಾಯ್ ವಾತ್ಸಾದು, ಗ್ಲೋಬಲ್ ಹೌಸ್, ದೂಹೋಮ್. ಚಿಕ್ಕಪುಟ್ಟ ಕೊಕ್ಕೆ, ಅಂಟು, ಸ್ಕ್ರೂಡ್ರೈವರ್‌ಗೆ ಮಾಲಿನಲ್ಲಿರೋ ಮಿಸ್ಟರ್ ಡಿಐವೈ ಸಾಕು.

ಒಂದು ವಿಷಯ ನನಗೆ ತಡವಾಗಿ ತಿಳೀತು. ಅಲ್ಲಿ ಬೇರೆ ಬೇರೆ ಬಣ್ಣದ ಟೀ ಶರ್ಟ್ ಹಾಕ್ಕೊಂಡು ನಿಂತಿರೋರೆಲ್ಲ ಮಳಿಗೆಯ ನೌಕರರಲ್ಲ. ಎಷ್ಟೋ ಜನ ಆಯಾ ಕಂಪನಿ ಕಳಿಸಿದ ಮಾರಾಟಗಾರರು. ಪ್ರೀತಿಯಿಂದ ಹಿಂದೆ ಹಿಂದೆ ಬರ್ತಾರೆ, ತಮ್ಮ ಕಂಪನಿಯ ನಲ್ಲಿಯನ್ನೇ ಕೈಗೆ ಕೊಡ್ತಾರೆ. ಬೇಜಾರಿಲ್ಲ, ಆದ್ರೆ ಪಕ್ಕದ ಕಪಾಟನ್ನೂ ನೋಡಿ.

ನಿಮ್ಮ ಬಲ್ಬಿನ ಕತೆ ಊಹಿಸಬಲ್ಲೆ. ಊರಿಂದ ಒಂದು ಡಜನ್ ಎಲ್‌ಇಡಿ ತಂದಿದ್ದೀರಿ, ಒಂದೂ ಕೂರ್ತಿಲ್ಲ. ಅಲ್ವಾ? ನಮ್ಮಲ್ಲಿ ಎರಡು ಗುಬ್ಬಿಯ ಪಿನ್ ಬಲ್ಬು, ಬಿ22. ಇಲ್ಲಿ ತಿರುಪಿನದು, ಇ27. ಇಲ್ಲಿಯದನ್ನೇ ಕೊಳ್ಳಿ, "ಲೋತ್ ಫಾಯ್" ಅಂತ ಕೇಳಿ. ಕರೆಂಟು ಮಾತ್ರ ಹೆಚ್ಚುಕಮ್ಮಿ ನಮ್ಮಂಥದ್ದೇ, 220-230 ವೋಲ್ಟ್, 50 ಹರ್ಟ್ಸ್. ಹಾಗಾಗಿ ಮಿಕ್ಸಿ, ಗ್ರೈಂಡರ್ ಧೈರ್ಯವಾಗಿ ನಡೀತವೆ, ಪ್ಲಗ್ ಮಾತ್ರ ಕೂರೋಲ್ಲ. ನಮ್ಮ ಮೂರು ದುಂಡು ಕಾಲಿನ ಪ್ಲಗ್ಗಿಗೆ ಗಟ್ಟಿಯಾದ ಅಡಾಪ್ಟರ್ ಬೇಕು. ಎಕ್ಸ್‌ಟೆನ್ಷನ್ ಬೋರ್ಡಿಗೆ ಇಲ್ಲಿ "ಪ್ಲಾಕ್ ಫುಅಂಗ್" ಅಂತಾರೆ. ನಮ್ಮ ಐಎಸ್‌ಐ ಇದ್ದಹಾಗೆ ಇವರ "ಮೋ ಓ ಕೋ" ಗುರುತಿದೆ, ಅದಿಲ್ಲದ್ದನ್ನ ರಸ್ತೆ ಬದಿಯಲ್ಲಿ ಅಗ್ಗಕ್ಕೆ ಸಿಕ್ತು ಅಂತ ತರಬೇಡಿ. ಹಾಂ, ಶೌಚಾಲಯದ ಹೆಲ್ತ್ ಫಾಸೆಟ್‌ಗೆ "ಸಾಯ್ ಚಮ್ರಾ". ನೀರು ಬಳಸೋ ವಿಷಯದಲ್ಲಿ ಇವರು ನಮ್ಮವರೇ, ಎಲ್ಲಾ ಕಡೆ ಸಿಗುತ್ತೆ.

ಬೇಕಾದ್ದು ಒಮ್ಮೆ ಸಿಕ್ಕಿದ್ರೆ ಕಪಾಟಿನ ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳಿ. ಅದರಲ್ಲಿನ ಥಾಯ್ ಹೆಸರನ್ನೇ ಶಾಪೀ, ಲಜಾಡಾ ಅನ್ನೋ ಆನ್‌ಲೈನ್ ಅಂಗಡಿಗಳಲ್ಲಿ ಹಾಕಿ ಹುಡುಕಿದ್ರೆ ಮುಂದಿನ ಸಲ ಮನೆಗೇ ಬರುತ್ತೆ. "ಬಾಯ್ ಸೆತ್", ಅಂದ್ರೆ ರಸೀದಿ, ಬಿಸಾಕಬೇಡಿ. ವಾರಂಟಿ ಕಾರ್ಡಲ್ಲಿ ವರ್ಷ ನೋಡಿ ಗಾಬರಿಯಾಗ್ಬೇಡಿ, ಬೌದ್ಧ ಶಕೆ ನಮ್ಮ ಇಸವಿಗಿಂತ 543 ಮುಂದೆ.

ಬ್ಯಾಂಕಾಕಿಗೆ ಬೇಳೆ, ಸಾಂಬಾರ ಪದಾರ್ಥಕ್ಕಂತ ಪಾಹುರತ್‌ಗೆ ಬಂದೇ ಬರ್ತೀರಿ. ಅದಕ್ಕೆ ತಾಗಿಕೊಂಡೇ ಬಾನ್ ಮೋ, ಎಲೆಕ್ಟ್ರಾನಿಕ್ ಬಿಡಿಭಾಗಗಳ ಬೀದಿ. ಸ್ವಲ್ಪ ಮುಂದೆ ಖ್ಲೋಂಗ್ ಥೋಮ್, ಉಪಕರಣಗಳ ರಾಶಿ. ನಮ್ಮ ಬೆಂಗಳೂರಿನ ಎಸ್‌ಪಿ ರೋಡನ್ನೇ ಎತ್ತಿ ತಂದಿಟ್ಟಂಗಿದೆ. ಸಾಮ್ ಯೋತ್ ಮೆಟ್ರೋದಲ್ಲಿ ಇಳೀರಿ.

ಮತ್ತೆ, ಮಾತಿನ ಕೊನೆಗೆ ಮರ್ಯಾದೆಗೆ ಸೇರಿಸೋಕೆ ಗಂಡಸರು ಯಾರಾದ್ರೂ "ಖ್ರಾಪ್" ಹೇಳಿಕೊಟ್ರೆ ಅದನ್ನ ಹೇಳಬೇಡಿ. ನಮಗೆ "ಖಾ".

ಖೋನ್ ಕೇನ್‌ನಿಂದ

ಅಕ್ಕಾರ, ನಾ ಹುಬ್ಬಳ್ಳಿಯಾಂವ. ಹೆಂಡ್ತಿ ಇಲ್ಲಿಯಾಕಿ, ಅಕಿ ತವರುಮನಿ ಹತ್ರ ನಾವು ಮನಿ ಕಟ್ಟಿಸೇವಿ. ಹುನ್ ಅಂದ್ರ ನಮ್ಮ ಬಡಿಗ್ಯಾರ ಸೂತು ನೋಡ್ರಿ. ನಾಕ್ ಸೂತು ಅರ್ಧ ಇಂಚು, ಲೆಕ್ಕ ಒಂದ. ನಮ್ಮಪ್ಪ ಬಡಿಗತನ ಮಾಡಾಂವ, ಅದಕ್ಕ ನನಗ ಹುನ್ ಒಂದ ದಿನದಾಗ ತಲಿಗೆ ಹತ್ತಿತು.

ಮಾತು ತಪ್ಪಿದ್ರ ಏನ್ ಆಕ್ಕೈತಿ ಅನ್ನೂದಕ್ಕ ಒಂದು ಹೇಳ್ತೀನಿ. ಕೆಲಸಗಾರಗ "ಚಾಂಗ್" ಅಂತಾರ್ರೀ. ಆನಿಗೂ "ಚಾಂಗ್". ದನಿ ಏರಿಳಿತ ಬ್ಯಾರೆ, ನನ್ನ ಕಿವಿಗೆ ಎರಡೂ ಒಂದ. ಒಂದಿನ ಅಂಗಡ್ಯಾಗ ಹೋಗಿ ಚಾಂಗ್ ಅದಾನೇನು, ಇವತ್ತ ಮನಿಗೆ ಬೇಕು ಅಂದೆ. ಆಕಿ ಸೀದಾ ಮೂಲ್ಯಾಗಿನ ಸಿಮೆಂಟ್ ಚೀಲಾ ತೋರ್ಸಿದ್ಲು. ಮ್ಯಾಲೆ ಆನಿ ಚಿತ್ರ! ಸಯಾಮ್ ಸಿಮೆಂಟಿನವ್ರ ಆನಿ ಮಾರ್ಕ್ ಅದು, 1913ರಾಗ ಶುರುವಾದ ಕಂಪನಿ. ಅವರದ ಹುಲಿ ಮಾರ್ಕ್ ಸಿಮೆಂಟೂ ಐತಿ, "ಪೂನ್ ಸುಅ", ಗಿಲಾಯಿಗೆ ಅದನ್ನ ಒಯ್ತಾರ.

ಮೊಳಿ ತೂಕದ ಮ್ಯಾಲೆ ಕೊಡ್ತಾರ. ನೂರು ಗ್ರಾಂಗೆ ಒಂದು "ಖೀತ್". "ತಪೂ, ಸಾಂಗ್ ಖೀತ್" ಅಂದ್ರ ಇನ್ನೂರು ಗ್ರಾಂ ಮೊಳಿ.

ಹೊರದೇಶದವ್ರಿಗೆ ರೊಕ್ಕಾ ಹೆಚ್ಚು ಹೇಳ್ತಾರ ಅಂತ ಬಾಳ ಮಂದಿ ಅಂತಾರ. ನಾನೂ ಮೊದಲು ಹಂಗ ತಿಳದಿದ್ದೆ. ಆಮ್ಯಾಲೆ ನೋಡಿದ್ರ ನನ್ನ ಹೆಂಡ್ತಿಗೂ ಅದ ರೇಟ್. ಕಮ್ಮಿ ರೇಟ್ ಸಿಗೂದು ದಿನಾ ಒಯ್ಯೂ ಮೇಸ್ತ್ರಿಗೆ ಮಾತ್ರ. ಬಿಡಿ ವಾಷರಿಗೆ ಚೌಕಾಶಿ ಮಾಡಬ್ಯಾಡ್ರಿ, ನೋಡಾಕ ಚಂದ ಅನ್ಸೂದಿಲ್ಲ. ಭಾರಿ ಸಾಮಾನಿದ್ರ "ಸೋಂಗ್ ದಾಯ್ ಮಾಯ್" ಅಂದ್ರ ಗಾಡ್ಯಾಗ ಕಳಸ್ತಾರ. ವಿಳಾಸ ಹೇಳಿ ಗಂಟಲಾ ಒಣಗಿಸ್ಕೋಬ್ಯಾಡ್ರಿ, ಲೈನ್ ಆ್ಯಪಿನ್ಯಾಗ ಲೊಕೇಶನ್ ಕಳಸ್ರಿ.

ರಯೋಂಗ್‌ನಿಂದ

ಬಲ್ಬು ಬದಲಾಯಿಸಿ, ಸರಿ. ಹೋಲ್ಡರ್, ಸ್ವಿಚ್ ಬಿಚ್ಚೋ ಯೋಚನೆ ಇದ್ರೆ ಮಾತ್ರ ಇದನ್ನ ಓದಿ. ನಮ್ಮೂರಲ್ಲಿ ಕೆಂಪು ವೈರು ಫೇಸ್, ಕಪ್ಪು ನ್ಯೂಟ್ರಲ್. ಇಲ್ಲಿನ ಹಳೇ ಮನೆಗಳಲ್ಲಿ ಕಪ್ಪೇ ಫೇಸ್! ನ್ಯೂಟ್ರಲ್ ಬಿಳಿ ಅಥವಾ ತಿಳಿ ಬೂದು. ಹೊಸ ಮನೆಗಳಲ್ಲಿ ಕಂದು ಫೇಸ್, ತಿಳಿನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ತ್. ನಿಮ್ಮದು ಹಳೇ ಮನೆ ಅಂತೀರಿ, ಅಂದ್ರೆ ಎರಡೂ ಕಲಸಿರಬಹುದು. ಬಣ್ಣ ನಂಬಬೇಡಿ. ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ. ಟೆಸ್ಟರಿಗೆ "ಖಾಯ್ ಖುಅಂಗ್ ಲೋಂಗ್ ಫಾಯ್" ಅಂತಾರೆ, ಯಾವ ಅಂಗಡಿಯಲ್ಲೂ ಸಿಗುತ್ತೆ. ಬಚ್ಚಲಲ್ಲಿ ಬಿಸಿನೀರಿನ ಹೀಟರ್ ಇದ್ರೆ ಅರ್ತ್ ಇದೆಯಾ ಅಂತ "ಚಾಂಗ್ ಫಾಯ್", ಅಂದ್ರೆ ಎಲೆಕ್ಟ್ರಿಷಿಯನ್‌ನನ್ನ ಕರೆಸಿ ನೋಡಿಸಿ. ಎರಡೇ ತೂತಿನ ಹಳೇ ಸಾಕೆಟ್ಟುಗಳಿಗೆ ಅರ್ತ್ ಇರೋಲ್ಲ.

ಪೈಪಿನ ಬಣ್ಣಕ್ಕೂ ಅರ್ಥ ಇದೆ. ನೀಲಿ ಪಿವಿಸಿ ನೀರಿಗೆ, ಹಳದಿ ವೈರ್ ಎಳೆಯೋಕೆ. ನೀಲಿಯಲ್ಲಿ 5, 8.5, 13.5 ಅಂತ ಕ್ಲಾಸ್ ಬರೆದಿರುತ್ತೆ, ಸಂಖ್ಯೆ ಹೆಚ್ಚಿದಷ್ಟೂ ದಪ್ಪ. ಪಂಪಿನ ನೀರಿಗೆ 5 ಬೇಡ. ನಾವು ಟೀ ಅನ್ನೋದಕ್ಕೆ ಇವರು "ಸಾಮ್ ಥಾಂಗ್" ಅಂತಾರೆ, ಮೂರು ದಾರಿ. ಎಲ್ಬೋಗೆ "ಖೋ ಙೋ". ಒಂದನೇ ಕ್ಲಾಸಲ್ಲಿ ಕಲಿತು ಬಿಟ್ಟ ಙ ನನಗೆ ಉಪಯೋಗಕ್ಕೆ ಬಂದದ್ದು ಪೈಪಿನ ಅಂಗಡಿಯಲ್ಲಿ.

ಫುಕೆಟ್‌ನಿಂದ

ದೇವರ ಹಲಗೆ ವಿಷಯ ಯಾರೂ ಎತ್ತಲೇ ಇಲ್ಲ ಅಲ್ಲ ಮಾರಾಯ್ರೆ! ಮೊದಲು ಓನರಮ್ಮನ ಹತ್ರ ತೂತು ಮಾಡಬಹುದಾ ಅಂತ ಕೇಳಿ, ಇಲ್ಲಾಂದ್ರೆ ಅಡ್ವಾನ್ಸಿನಲ್ಲಿ ಹಿಡಿಯುವುದುಂಟು. ಮತ್ತೆ ಗೋಡೆ ಯಾವುದು ನೋಡಿ. ಡ್ರಿಲ್ ಮಾಡುವಾಗ ಕೆಂಪು ಹುಡಿ ಬಂದ್ರೆ ಇಟ್ಟಿಗೆ, "ಇತ್ ಮೋನ್". ಸ್ಕ್ರೂ ಕೂರಿಸುವ ಸಾಧಾರಣ ರಾಲ್ ಪ್ಲಗ್ ಸಾಕು, ಅದಕ್ಕೆ "ಪುಕ್" ಹೇಳ್ತಾರೆ. ಬಿಳಿ ಹಿಟ್ಟಿನ ಹಾಗೆ ನುಣ್ಣಗೆ ಉದುರಿದ್ರೆ ಅದು ಹಗುರ ಬ್ಲಾಕು, "ಇತ್ ಮುಅನ್ ಬಾವ್". ಅದಕ್ಕೆ ಬೇರೆಯೇ ಪುಕ್ ಉಂಟು, "ಪುಕ್ ಇತ್ ಮುಅನ್ ಬಾವ್" ಅಂತಲೇ ಕೇಳಬೇಕು. ನಾನು ಸಾಧಾರಣದ್ದು ಹಾಕಿದೆ. ಕೈಯಲ್ಲಿ ಎಳೆದು ನೋಡಿದೆ, ಗಟ್ಟಿ ಇತ್ತು. ಚೌತಿಯ ಮರುದಿನ ಬೆಳಿಗ್ಗೆ ಎದ್ದು ನೋಡ್ತೇನೆ, ಹಲಗೆ, ದೀಪ, ಗಣಪತಿ ಎಲ್ಲ ಒಟ್ಟಿಗೆ ನೆಲದಲ್ಲಿ. ಗಣಪತಿ ಹಿತ್ತಾಳೆಯವ, ಬಚಾವ್. ಟೈಲ್ಸ್ ಮಾತ್ರ ಎರಡು ಹೋಯ್ತು.

ಪ್ರಶ್ನೆ ಕೇಳಿದವಳೇ, ಶ್ರೀರಾಚಾದಿಂದ

ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಬೆಳಿಗ್ಗೆ ಪಂಪು ಆಫ್ ಮಾಡಿ, ನಲ್ಲಿ ಬಿಚ್ಚಿ, ಚೀಲದಲ್ಲಿ ಹಾಕ್ಕೊಂಡು ಮೂಲೆಯಂಗಡಿಗೆ ಹೋದೆ. ದಿನಾ ಅದರ ಮುಂದೆಯೇ ಓಡಾಡ್ತಿದ್ದೆ, ಒಳಗೆ ಇಣುಕಿರಲಿಲ್ಲ. "ಅನ್ ನೀ ಮೀ ಮಾಯ್ ಖಾ, ಸೀ ಹುನ್" ಅಂದೆ. ಜೇ ತಲೆಯೆತ್ತಿ ನೋಡಿ ಜೋರಾಗಿ ನಕ್ಕು, ಒಳಗಿದ್ದ ಗಂಡನನ್ನ ಕೂಗಿ ಏನೋ ಹೇಳಿದ್ರು. "ಹುನ್" ಅನ್ನೋದು ಮಾತ್ರ ನನಗೆ ಅರ್ಥ ಆಯ್ತು. ನಲ್ಲಿ ಹೊಸದು ಬೇಡ ಅಂತ ಕೈಯಲ್ಲೇ ಸನ್ನೆ ಮಾಡಿ, ಒಳಗಿನ ವಾಷರ್ ಕಿತ್ತು ಬೇರೆ ಹಾಕಿಕೊಟ್ರು. 5 ಬಾತ್. ನೀರು ನಿಂತಿದೆ. ಬಲ್ಬೂ ಆಯ್ತು. ಊರಿಂದ ತಂದ ಹತ್ತು ಪಿನ್ ಬಲ್ಬು ಯಾರಿಗಾದ್ರೂ ಬೇಕಾ?

ಗೋಡೆಯಲ್ಲಿ ಬಿಳಿ ಹುಡಿ ಬಂತು. ಹಲಗೆ ಸದ್ಯಕ್ಕೆ ಫ್ರಿಜ್ ಮೇಲಿದೆ, ದೇವರೂ ಅಲ್ಲೇ. ಜೇ ಹತ್ರ ಆ ಪುಕ್ ಖಾಲಿ, ಬುಧವಾರ ಬರುತ್ತಂತೆ. ಅಷ್ಟರಲ್ಲಿ ಇನ್ನೊಂದು ಪ್ರಶ್ನೆ: ನಮ್ಮ ಮಿಕ್ಸಿ ಜಾರಿನ ತಳದ ರಬ್ಬರ್ ವಾಷರ್ ಸವೆದು ಚಟ್ನಿ ನೀರು ಸೋರ್ತಿದೆ. ಅದನ್ನೂ ಚೀಲದಲ್ಲಿ ಹಾಕ್ಕೊಂಡು ಜೇ ಹತ್ರ ಹೋಗ್ಲಾ, ಇಲ್ಲಾ ಪಾಹುರತ್‌ಗೇ ಬರಬೇಕಾ?