ಫ್ಲೋರೈಡ್ ಊರು, 15 ವರ್ಷದ ಒಪ್ಪಂದ: ನೀರಿನ ಘಟಕ ಕಂಪನಿಗೆ ಕೊಡಬಹುದಾ?

ಪ್ರಶ್ನೆ (ಗ್ರಾಮ ಪಂಚಾಯಿತಿ ಸದಸ್ಯ, ಪಾವಗಡ ತಾಲ್ಲೂಕು)

ಮೇಡಂ ನಮಸ್ಕಾರ. ನಮ್ಮದು 180 ಮನೆಯ ಊರು. ಬೋರ್ ನೀರಲ್ಲಿ ಫ್ಲೋರೈಡ್ ಇದೆ, ಮಕ್ಕಳ ಹಲ್ಲಿನ ಮೇಲೆಲ್ಲ ಹಳದಿ ಕಲೆ. ಸರ್ಕಾರದಿಂದ ಹಾಕಿದ್ದ ಶುದ್ಧ ನೀರಿನ ಘಟಕ ಕೆಟ್ಟು ಬೀಗ ಬಿದ್ದಿದೆ. ರಿಪೇರಿ ಮಾಡಿಸಿ ಅಂತ ಅರ್ಜಿ ಬರೆದು ಬರೆದು ಸಾಕಾಗಿದೆ. ಈಗ ಒಂದು ಖಾಸಗಿ ಕಂಪನಿಯವರು ಬಂದು "ಹೊಸ ಮಷಿನ್ ನಾವೇ ಹಾಕ್ತೀವಿ, ನೀವು ಒಂದು ರೂಪಾಯಿನೂ ಕೊಡೋದು ಬೇಡ, ಜಾಗ, ಬೋರ್, ಕರೆಂಟು ಕೊಡಿ, 15 ವರ್ಷಕ್ಕೆ ಬರೆದುಕೊಡಿ" ಅಂತಿದ್ದಾರೆ. ಈಗ 20 ಲೀಟರ್ ಕ್ಯಾನಿಗೆ 5 ರೂಪಾಯಿ, ಮುಂದಿನ ದರ ಅವರೇ ತೀರ್ಮಾನ ಮಾಡ್ತಾರಂತೆ. ಊರವರ ಮುಂದೆ ಬೋರ್ ನೀರಿಗೆ ಎರಡು ಕಂಬಿ ಇಳಿಸಿ ಕರೆಂಟು ಕೊಟ್ಟರು, ನೀರು ಕೆಸರಿನ ಬಣ್ಣಕ್ಕೆ ತಿರುಗಿತು. ಅವರು ತಂದ ನೀರು ಮಾತ್ರ ಹಾಗೇ ಇತ್ತು. ಜನ ಹೆದರಿದ್ದಾರೆ. ನೀರನ್ನು ಮಾರೋದೇ ತಪ್ಪು ಅಂತ ಒಂದು ಗುಂಪು, ಯಾರಾದರೂ ಕೊಡಲಿ ನೀರು ಬಂದರೆ ಸಾಕು ಅಂತ ಇನ್ನೊಂದು. ಏನು ಮಾಡೋಣ?

ಉತ್ತರ (ಗ್ರಾಮೀಣ ನೀರು ಸರಬರಾಜು ಇಂಜಿನಿಯರ್, ನಿವೃತ್ತ)

ನಮಸ್ಕಾರ. ಮೊದಲು ಆ ಕಂಬಿಯ ವಿಷಯ ಮುಗಿಸೋಣ, ಯಾಕೆಂದರೆ ಭಯದಲ್ಲಿ ಸಹಿ ಹಾಕಬಾರದು. ಅದರಲ್ಲಿ ಒಂದು ಕಂಬಿ ಕಬ್ಬಿಣದ್ದು. ನೀರಲ್ಲಿ ಲವಣ ಇದ್ದರೆ ಕರೆಂಟು ಹರಿಯುತ್ತದೆ, ಕಬ್ಬಿಣ ಕರಗಿ ತುಕ್ಕಾಗುತ್ತದೆ. ನೀವು ನೋಡಿದ್ದು ಕಂಬಿಯ ತುಕ್ಕು. ಕುಡಿಯಲು ಯೋಗ್ಯವಾದ ನೀರಲ್ಲೂ ಹಾಗೇ ಆಗುತ್ತದೆ. ಅವರು ತಂದದ್ದು ಆರ್‌ಒ ನೀರು, ಅಂದರೆ ತೆಳು ಪೊರೆಯ (ಮೆಂಬ್ರೇನ್) ಮೂಲಕ ಒತ್ತಿ ಶುದ್ಧ ಮಾಡಿದ ನೀರು. ಅದರಲ್ಲಿ ಲವಣ ತುಂಬಾ ಕಡಿಮೆ, ಅದಕ್ಕೇ ಬಣ್ಣ ಬರಲಿಲ್ಲ. ನಿಮ್ಮ ಊರಿನ ನಿಜವಾದ ತೊಂದರೆ ಫ್ಲೋರೈಡ್. ಅದು ಈ ಆಟದಲ್ಲಿ ಕಾಣುವುದಿಲ್ಲ, ಕರಗಿದ ಒಟ್ಟು ಲವಣ ತೋರಿಸುವ ಟಿಡಿಎಸ್ ಮೀಟರ್ ಅದ್ದಿದರೂ ಗೊತ್ತಾಗುವುದಿಲ್ಲ, ನೀರು ಕುದಿಸಿದರೂ ಹೋಗುವುದಿಲ್ಲ. ಕುದಿಸಿದಷ್ಟೂ ನೀರು ಆವಿಯಾಗಿ ಫ್ಲೋರೈಡ್ ಸಾಂದ್ರವಾಗುತ್ತದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಸರಿ, ಬೇರೆ ನೀರೇ ಇಲ್ಲದ ಕಡೆ 1.5 ತನಕ. ಲ್ಯಾಬಿನಲ್ಲಿ ಅಳೆಸಿದ ಆ ಒಂದು ಅಂಕಿ ಕೈಯಲ್ಲಿ ಇಟ್ಟುಕೊಂಡು ಕಂಪನಿಯವರ ಜೊತೆ ಮಾತಿಗೆ ಕೂತುಕೊಳ್ಳಿ.

ಖಾಸಗಿಯವರು ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಮಷಿನ್ ಓಡಿಸೋದು, ಫಿಲ್ಟರ್ ಬದಲಿಸೋದು, ಪಂಪ್ ಸುಟ್ಟರೆ ಬೇಗ ಬಂದು ನೋಡೋದು, ಇದನ್ನು ಒಳ್ಳೆಯ ಕಂಪನಿ ಪಂಚಾಯಿತಿಗಿಂತ ಚೆನ್ನಾಗಿ ಮಾಡಬಲ್ಲದು. ಆದರೆ ಬೋರ್, ದರ, ನೀರಿನ ಪರೀಕ್ಷೆ ಈ ಮೂರು ಊರಿನ ಕೈ ಬಿಟ್ಟು ಹೋಗಬಾರದು. ನಿಮ್ಮ ಮುಂದಿರುವ ಒಪ್ಪಂದದಲ್ಲಿ ಬೋರ್ ಮತ್ತು ದರ ಎರಡೂ ಹೋಗುತ್ತಿವೆ, ಪರೀಕ್ಷೆಯ ಮಾತೇ ಇಲ್ಲ. ಇದಕ್ಕೆ ಒಪ್ಪಬೇಡಿ.

ಲೆಕ್ಕ ನೋಡಿ. 180 ಮನೆಯಲ್ಲಿ 100 ಮನೆಯವರು ದಿನಕ್ಕೊಂದು ಕ್ಯಾನ್ ಒಯ್ದರು ಅಂದುಕೊಳ್ಳಿ. ದಿನಕ್ಕೆ 500, ತಿಂಗಳಿಗೆ 15,000 ರೂಪಾಯಿ. ಅದರಲ್ಲಿ ಆಪರೇಟರ್ ಸಂಬಳ, ಕಾರ್ಟ್ರಿಡ್ಜ್, ಮೆಂಬ್ರೇನ್‌ಗೆ ಉಪ್ಪು ಕಟ್ಟದಂತೆ ಹಾಕುವ ಕೆಮಿಕಲ್, ಎರಡು ಮೂರು ವರ್ಷಕ್ಕೊಮ್ಮೆ ಹೊಸ ಮೆಂಬ್ರೇನ್, ಎಲ್ಲ ಆಗಬೇಕು. ಮಷಿನ್‌ಗೆ ಹಾಕಿದ ಬಂಡವಾಳ ವಾಪಸ್ ಬರುವುದು ಎಲ್ಲಿಂದ? ಒಂದೋ ದರ ಏರಿಸಬೇಕು, ಇಲ್ಲ ನಿಮ್ಮ ಬೋರ್ ನೀರನ್ನು ಪಂಚಾಯಿತಿ ಕರೆಂಟಿನಲ್ಲಿ ಶುದ್ಧ ಮಾಡಿ ಹೊರಗಿನ ಹೋಟೆಲು, ಮದುವೆ ಮನೆಗೆ ಮಾರಬೇಕು. ಎರಡೂ ಆಗದಿದ್ದರೆ ಬೀಗ ಹಾಕಿ ಹೋಗುತ್ತಾರೆ. 15 ವರ್ಷ ಕೇಳುವುದರ ಹಿಂದೆ ಇರುವುದು ಈ ಲೆಕ್ಕ.

ಕೀನ್ಯಾದ ಕಿಟುಯಿ ಮತ್ತು ಕ್ವಾಲೆ ಕಡೆ ಫಂಡಿಫಿಕ್ಸ್ ಅನ್ನುವ ಸ್ಥಳೀಯ ಕಂಪನಿಗಳಿವೆ. ಹಳ್ಳಿಯವರು ತಿಂಗಳಿಗೆ ಸಣ್ಣ ಮೊತ್ತ ಕಟ್ಟುತ್ತಾರೆ, ಕೈಪಂಪು ಕೆಟ್ಟರೆ ಕಂಪನಿಯವರು ಮೂರು ದಿನದೊಳಗೆ ರಿಪೇರಿ ಮಾಡಿಕೊಡಬೇಕು. ಮೊದಲು ಅದೇ ಪಂಪುಗಳು ವಾರಗಟ್ಟಲೆ ಕೆಟ್ಟು ನಿಲ್ಲುತ್ತಿದ್ದವು. ಅಲ್ಲೂ ಜನರ ಹಣ ಒಂದೇ ಸಾಕಾಗಲಿಲ್ಲ, ಅದಕ್ಕೆಂದೇ ಬೇರೆ ನಿಧಿ ಮಾಡಿ ತುಂಬಿಕೊಡುತ್ತಾರೆ. ಅಲ್ಲಿ ಹಣ ಕೊಡುವುದು ಪಂಪು ನಡೆಯುತ್ತಿರುವುದಕ್ಕೆ. ನಮ್ಮಲ್ಲಿ ಮಷಿನ್ ಕೂರಿಸಿದ ದಿನವೇ ದೊಡ್ಡ ಬಿಲ್ ಪಾಸ್ ಆಗುತ್ತದೆ, ಆಮೇಲೆ ತಿರುಗಿ ನೋಡಲು ಯಾರಿಗೂ ಕಾರಣ ಇರುವುದಿಲ್ಲ. ನಿಮ್ಮ ಹಳೇ ಘಟಕದ ಕಥೆಯೂ ಇದೇ ಇರಬೇಕು, ಅಲ್ವಾ? ಸಾಧ್ಯವಾದರೆ ಅದನ್ನೇ ಬಿಚ್ಚಿಸಿ ನೋಡಿ. ಹೆಚ್ಚಿನ ಸಲ ಕೆಟ್ಟಿರುವುದು ಮೆಂಬ್ರೇನ್ ಅಥವಾ ಹೈ ಪ್ರೆಷರ್ ಪಂಪು ಮಾತ್ರ. ಅದನ್ನು ಸರಿ ಮಾಡಿಸಿ, ಮಷಿನ್ ಪಂಚಾಯಿತಿಯದ್ದೇ ಇಟ್ಟುಕೊಂಡು, ನಡೆಸುವ ಕೆಲಸ ಮಾತ್ರ ಮೂರು ವರ್ಷಕ್ಕೆ ಕೊಡಿ. ಘಟಕ ನಡೆದ ದಿನ ಮಾತ್ರ ದುಡ್ಡು ಅಂತ ಬರೆಯಿರಿ.

ಒಬ್ಬ ಸದಸ್ಯರು: ಮೇಡಂ, ಕಂಪನಿಯವರೇ ಪ್ರತಿ ತಿಂಗಳು ಟೆಸ್ಟ್ ರಿಪೋರ್ಟ್ ಗೋಡೆಗೆ ಅಂಟಿಸ್ತಾರೆ. ನಮ್ಮೂರಲ್ಲಿ ಹಾಗೇ ಇದೆ. ಅದು ಸಾಕಲ್ವಾ?

ಉತ್ತರ: ಸಾಲದು. ಸ್ಯಾಂಪಲ್ ಎಲ್ಲಿಂದ ತೆಗೆದರು ಅಂತ ಕೇಳಿ. ನೀರು ಸಪ್ಪೆ ಅಂತ ಜನ ದೂರಿದಾಗ ಕೆಲವರು ಬೈಪಾಸ್ ವಾಲ್ವ್ ತೆರೆದು ಸ್ವಲ್ಪ ಬೋರ್ ನೀರು ಬೆರೆಸುತ್ತಾರೆ. ಬರೀ ಗಡಸು ನೀರಿನ ಊರಲ್ಲಿ ಅದರಿಂದ ತೊಂದರೆ ಇಲ್ಲ. ಫ್ಲೋರೈಡ್ ಊರಲ್ಲಿ ವಾಲ್ವ್ ಜಾಸ್ತಿ ತೆರೆದರೆ ವಿಷ ಮತ್ತೆ ಕ್ಯಾನಿಗೇ ಬಂತು. ಮೆಂಬ್ರೇನ್ ಬಾಯಲ್ಲಿ ತೆಗೆದ ಸ್ಯಾಂಪಲ್ ಪಾಸ್ ಆಗುತ್ತದೆ, ಜನ ಕುಡಿಯುವುದು ಬೇರೆ ನೀರು. ಕ್ಯಾನ್ ತುಂಬುವ ನಲ್ಲಿಯಿಂದಲೇ ಹಿಡಿದು, ಪಂಚಾಯಿತಿಯವರೇ ಇಲಾಖೆಯ ಲ್ಯಾಬಿಗೆ ಕಳಿಸಬೇಕು. ಮೂರು ತಿಂಗಳಿಗೊಮ್ಮೆಯಾದರೂ ಮಾಡಿಸಿ, ಬೇಸಿಗೆಯಲ್ಲಿ ಬೋರ್ ನೀರು ಕೆಳಗಿಳಿದಾಗ ತಪ್ಪಿಸಲೇಬೇಡಿ.

ಇನ್ನೊಬ್ಬರು: ವೇಸ್ಟ್ ನೀರು ಬಹಳ ಹೋಗುತ್ತೆ ಮೇಡಂ. ಪಕ್ಕದ ಹಳೇ ಬಾವಿಗೆ ಬಿಟ್ಟಿದ್ದಾರೆ, ಇಂಗಲಿ ಅಂತ.

ಉತ್ತರ: ದಯವಿಟ್ಟು ಇವತ್ತೇ ನಿಲ್ಲಿಸಿ. ಮಷಿನ್ ಒಳಗೆ ಹೋದ ನೀರಲ್ಲಿ ಹತ್ತಿರ ಹತ್ತಿರ ಅರ್ಧ ಹೀಗೆ ಹೊರಗೆ ಬರುತ್ತದೆ. ಅರ್ಧ ನೀರಲ್ಲಿ ಪೂರ್ತಿ ಫ್ಲೋರೈಡ್ ಸೇರಿರುತ್ತದೆ, ಅಂದರೆ ಬೋರ್ ನೀರಿನ ಸುಮಾರು ಎರಡರಷ್ಟು. ಬಾವಿಗೆ ಬಿಟ್ಟರೆ ಅದೇ ನೆಲದ ನೀರಿಗೆ ವಾಪಸ್ ಹೋಯಿತು. ದನಕರುಗಳಿಗೂ ಕುಡಿಸಬೇಡಿ, ಅವುಗಳ ಹಲ್ಲು ಮೂಳೆಗೂ ಇದೇ ಕಾಯಿಲೆ ಬರುತ್ತದೆ. ಒಂದು ಟ್ಯಾಂಕ್ ಕಟ್ಟಿ ಶಾಲೆಯ ಶೌಚಾಲಯಕ್ಕೆ, ಗಾಡಿ ತೊಳೆಯಲಿಕ್ಕೆ ಬಳಸಿ. ಆ ಟ್ಯಾಂಕಿನ ಖರ್ಚು ಒಪ್ಪಂದದಲ್ಲೇ ಇರಲಿ.

ಮತ್ತೊಬ್ಬರು (ಶಿರಾ ಕಡೆಯವರು): ಪಾಯಿಖಾನೆ ಗುಂಡಿ ಖಾಲಿ ಮಾಡುವ ಖಾಸಗಿ ಟ್ಯಾಂಕರ್‌ನವರು ರಾತ್ರಿ ಹಳ್ಳಕ್ಕೆ ಸುರಿದು ಹೋಗ್ತಾರೆ. ಅವರಿಗೂ ಒಪ್ಪಂದ ಮಾಡಬಹುದಾ?

ಉತ್ತರ: ಮಾಡಬೇಕು. ಎಲ್ಲಿ ಸುರಿಯಬೇಕು ಅನ್ನುವುದನ್ನು ಪಂಚಾಯಿತಿ ಹೇಳದೆ ಇದ್ದರೆ ಅವರಿಗೆ ಹತ್ತಿರ ಸಿಗುವುದು ಹಳ್ಳವೇ. ದೇವನಹಳ್ಳಿಯಲ್ಲಿ 2015ರಿಂದ ಮಲದ ಕೆಸರು ಸಂಸ್ಕರಿಸುವ ಘಟಕ ಇದೆ, ಒಮ್ಮೆ ಹೋಗಿ ನೋಡಿ. ನಿಮ್ಮ ಸುತ್ತ ಅಂಥದ್ದು ಯಾವುದಿದೆ ಅಂತ ತಾಲ್ಲೂಕು ಪಂಚಾಯಿತಿಯಲ್ಲಿ ಕೇಳಿ. ಅಲ್ಲಿ ಸುರಿದ ಚೀಟಿ ತಂದರೆ ಮಾತ್ರ ಹಣ ಕೊಡಿ. ಗುಂಡಿಗೆ ಯಾರನ್ನೂ ಇಳಿಸಬಾರದು. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಇದೆ, ಅದಕ್ಕಿಂತ ಮುಖ್ಯ ಜೀವ. ಹೊಸದಾಗಿ ಕಟ್ಟುವವರು ಅವಳಿ ಗುಂಡಿ ಮಾಡಿಸಲಿ, ಒಂದು ತುಂಬಿದರೆ ಮುಚ್ಚಿ ಎರಡು ವರ್ಷ ಬಿಟ್ಟರೆ ಗೊಬ್ಬರ ಆಗುತ್ತದೆ, ಟ್ಯಾಂಕರೇ ಬೇಡ.

ಪ್ರಶ್ನೆ ಕೇಳಿದವರು: ತುಂಬಾ ಧನ್ಯವಾದ ಮೇಡಂ. ಒಂದೇ ಒಂದು. ಕೆಲವು ಮನೆಯವರಿಗೆ ತಿಂಗಳಿಗೆ 150 ರೂಪಾಯಿನೂ ಕಷ್ಟ. ಮತ್ತೆ ಕಂಪನಿ ಕೇಳ್ತಿರೋ ಜಾಗ ಊರ ಮುಂದಿನ ದೇವಸ್ಥಾನದ ಪಕ್ಕ.

ಉತ್ತರ: ದೇವಸ್ಥಾನದ ಪಕ್ಕ ಬೇಡ. ಕೇರಿಯವರು ಅಲ್ಲಿ ಬಂದು ಕ್ಯಾನ್ ಹಿಡಿಯಲು ಹಿಂಜರಿಯುವ ಸ್ಥಿತಿ ಇದೆಯಾ ಇಲ್ಲವಾ ನಿಮಗೇ ಗೊತ್ತಿರುತ್ತದೆ. ಶಾಲೆ ಅಥವಾ ಪಂಚಾಯಿತಿ ಕಟ್ಟಡದ ಜಾಗ ನೋಡಿ. ಅಂಗನವಾಡಿ, ಶಾಲೆಗೆ ದಿನಾ ಉಚಿತ ಕ್ಯಾನ್ ಇರಲಿ, ಏಕೆಂದರೆ ವಸಡಿನೊಳಗೆ ಹಲ್ಲು ಬೆಳೆಯುವ ವಯಸ್ಸಲ್ಲೇ ಫ್ಲೋರೈಡ್ ಕಲೆ ಕೂರುವುದು. ಕಷ್ಟದ ಮನೆಗಳ ಪಟ್ಟಿಯನ್ನು ಗ್ರಾಮಸಭೆಯಲ್ಲೇ ಓದಿ ಒಪ್ಪಿಸಿ, ಅವರ ಕ್ಯಾನಿನ ಹಣ ಪಂಚಾಯಿತಿ ತುಂಬಲಿ. ನಲ್ಲಿ ನೀರಿನ ಕೆಲಸವನ್ನು ಮಾತ್ರ ಬಿಡಬೇಡಿ. ಜಲ ಜೀವನ್ ಮಿಷನ್‌ನಲ್ಲಿ ತಲೆಗೆ ದಿನಕ್ಕೆ 55 ಲೀಟರ್ ಮನೆಗೇ ಬರಬೇಕು. ಘಟಕ ಇದೆಯಲ್ಲ ಅಂತ ಯಾರಾದರೂ ಅದನ್ನು ಮುಂದೆ ಹಾಕಿದರೆ ಸುಮ್ನೆ ಇರಬೇಡಿ. ಒಪ್ಪಂದದ ಕರಡು ಸಿಕ್ಕರೆ ಹೆಸರು ಅಳಿಸಿ ಇಲ್ಲಿ ಹಾಕಿ, ಒಂದೊಂದು ಸಾಲೂ ಓದಿ ಹೇಳುತ್ತೇನೆ.