ಟ್ರಿಗರ್ ತೂಕ: ನನ್ನ ತಕ್ಕಡಿಯಲ್ಲಿ 520, ಚೆಕಿಂಗ್‌ನಲ್ಲಿ ಫೇಲ್. ಯಾಕೆ?

ಪ್ರಶ್ನೆ: ಸರ್, ನನ್ನದು 10 ಮೀಟರ್ ಏರ್ ಪಿಸ್ತೂಲ್. ಕೊಕ್ಕೆ ಇರುವ ಸ್ಪ್ರಿಂಗ್ ತಕ್ಕಡಿಯಲ್ಲಿ ಟ್ರಿಗರ್ ಎಳೆದು ನೋಡಿದರೆ 520 ಗ್ರಾಂ ತೋರಿಸುತ್ತದೆ. ಕನಿಷ್ಠ ಮಿತಿ 500, ಅಷ್ಟು ತೂಕಕ್ಕೆ ಟ್ರಿಗರ್ ಬಿಡಬಾರದು. ಆದರೆ ಪಂದ್ಯಕ್ಕೆ ಮುಂಚೆ ಇಕ್ವಿಪ್‌ಮೆಂಟ್ ಕಂಟ್ರೋಲ್‌ನಲ್ಲಿ (ಸಲಕರಣೆ ತಪಾಸಣೆಯಲ್ಲಿ) 500 ಗ್ರಾಂ ತೂಕ ನೇತುಹಾಕಿದಾಗ ಟ್ರಿಗರ್ ಬಿಟ್ಟುಕೊಂಡಿತು. ಅವಸರದಲ್ಲಿ ಸ್ಕ್ರೂ ತಿರುಗಿಸಿ ಪಾಸ್ ಮಾಡಿಸಿದೆ, ಆದರೆ ಟ್ರಿಗರಿನ ಹದವೇ ಕೆಟ್ಟುಹೋಯಿತು. ತಪ್ಪು ನನ್ನ ತಕ್ಕಡಿಯದೋ, ಅವರ ತೂಕದ್ದೋ?

ಉತ್ತರ (ಆರ್ಮರರ್, ಅಂದರೆ ಬಂದೂಕು ರಿಪೇರಿ ಮಾಡುವವರು): ಎರಡರಲ್ಲೂ ತಪ್ಪಿಲ್ಲದೆ ಹೀಗಾಗಬಹುದು. ನೀವು ಅಳೆದ ರೀತಿ ಬೇರೆ, ಅವರು ಅಳೆದ ರೀತಿ ಬೇರೆ.

ಟ್ರಿಗರ್ ಒಂದು ಸನ್ನೆಕೋಲು. ಮೇಲೆ ಪಿನ್ ಇದೆ, ಅದರ ಸುತ್ತ ತಿರುಗುತ್ತದೆ. ಪಿನ್ನಿನಿಂದ ದೂರ ಹೋದಷ್ಟೂ ಕಮ್ಮಿ ಬಲ ಸಾಕು. ಉದಾಹರಣೆಗೆ, ಪಿನ್ನಿನಿಂದ 20 ಮಿಲಿಮೀಟರ್ ದೂರದಲ್ಲಿ ಟ್ರಿಗರ್ ಬಿಡಲು 500 ಗ್ರಾಂ ಬೇಕು ಅಂದುಕೊಳ್ಳಿ. ಅದೇ ಟ್ರಿಗರಿಗೆ 22 ಮಿಲಿಮೀಟರ್ ದೂರದಲ್ಲಿ ಸುಮಾರು 455 ಗ್ರಾಂ ಸಾಕು. 18ರಲ್ಲಿ ಹಾಕಿದರೆ 555ರ ಹತ್ತಿರ ಬರುತ್ತದೆ. ಬರೀ 4 ಮಿಲಿಮೀಟರಿಗೆ 100 ಗ್ರಾಂ ವ್ಯತ್ಯಾಸ! ಆದ್ದರಿಂದ ‘ನನ್ನ ಟ್ರಿಗರ್ 520’ ಅಂದರೆ ಸಾಲದು, ಎಲ್ಲಿ ಅಳೆದಾಗ 520 ಅಂತಲೂ ಹೇಳಬೇಕು. ನಿಮ್ಮ ಕೊಕ್ಕೆ ಸ್ವಲ್ಪ ಮೇಲೆ, ಪಿನ್ನಿನ ಕಡೆಗೆ ಕೂತಿತ್ತು ಅನ್ನುವುದು ನನ್ನ ಮೊದಲ ಅನುಮಾನ.

ಎರಡನೆಯದು ತಕ್ಕಡಿ. ಸ್ಪ್ರಿಂಗ್ ತಕ್ಕಡಿಯ ಸೊನ್ನೆಯನ್ನು ಅದು ನೇರವಾಗಿ ತೂಗಾಡುವಾಗ ಹೊಂದಿಸಿರುತ್ತಾರೆ, ಕೊಕ್ಕೆಯ ಭಾರವೂ ಆ ಲೆಕ್ಕದಲ್ಲಿ ಸೇರಿರುತ್ತದೆ. ಅಡ್ಡ ಹಿಡಿದು ಎಳೆದರೆ ಸೊನ್ನೆಯೇ ಜರುಗುತ್ತದೆ. ಜೊತೆಗೆ, ಟ್ರಿಗರ್ ಬಿಟ್ಟ ಕ್ಷಣದಲ್ಲಿ ಮುಳ್ಳು ಎಲ್ಲಿತ್ತು ಅಂತ ಕಣ್ಣು ಹಿಡಿಯುವುದು ಕಷ್ಟ.

ಪಂದ್ಯದ ನಿಯಮದಲ್ಲಿ ಅಳತೆಯ ರೀತಿಯನ್ನೇ ಹೇಳಿದೆ. ಬ್ಯಾರಲ್ ನೆಟ್ಟಗೆ ಮೇಲ್ಮುಖ. ತೂಕ ಟ್ರಿಗರಿನ ನಡುಭಾಗದ ಹತ್ತಿರ ತೂಗಬೇಕು. ಸಮತಟ್ಟಾದ ಮೇಜಿನ ಮೇಲಿಂದ ತೂಕವನ್ನು ಟ್ರಿಗರಿನಿಂದಲೇ ಎತ್ತಬೇಕು, ಟ್ರಿಗರ್ ಬಿಡಬಾರದು. ಹೆಚ್ಚೆಂದರೆ ಮೂರು ಸಲ ಪ್ರಯತ್ನಿಸಬಹುದು. ಸ್ಪ್ರಿಂಗ್ ಇಲ್ಲದ ಬರೀ ಭಾರವೇ ಬೇಕು. ಟ್ರಿಗರಿಗೆ ತಾಗುವ ಅಂಚು ಲೋಹದ್ದೋ ರಬ್ಬರಿನದೋ ಇರಬೇಕು, ಉರುಳೆ ಇರುವ ತೂಕ ನಡೆಯುವುದಿಲ್ಲ. ನೀವೂ ಹೀಗೇ ಅಳೆಯಿರಿ. ಬೇರೆ ರೀತಿಯಲ್ಲಿ ಅಳೆದ ಸಂಖ್ಯೆ ಎಷ್ಟು ಚೆನ್ನಾಗಿದ್ದರೂ ಚೆಕಿಂಗ್ ಮೇಜಿನ ಹತ್ತಿರ ಉಪಯೋಗಕ್ಕೆ ಬರುವುದಿಲ್ಲ.

ಇನ್ನೊಂದು ಮಾತು. ಬ್ಯಾರಲ್ ಮೇಲಕ್ಕಿರುವಾಗ ಟ್ರಿಗರ್ ಹಿಂದಕ್ಕೆ ಸರಿಯುವುದು ಅಂದರೆ ಕೆಳಕ್ಕೆ ಬೀಳುವುದು. ಅದರ ಸ್ವಂತ ಭಾರವೂ ಎಳೆತಕ್ಕೆ ಸೇರಿಕೊಳ್ಳುತ್ತದೆ. ಕೆಲವೇ ಗ್ರಾಂ ಇರಬಹುದು, ಆದರೆ 505ಕ್ಕೆ ಸೆಟ್ ಮಾಡಿಕೊಂಡವರಿಗೆ ಅಷ್ಟೇ ಸಾಕು ಫೇಲ್ ಆಗಲು.

ಪ್ರಶ್ನೆ: ಹಾಗಾದ್ರೆ ಎತ್ತುವ ರೀತಿಯೂ ಮುಖ್ಯವಾ ಸರ್?

ಉತ್ತರ: ತುಂಬಾ. ಜರ್ಕ್ ಕೊಟ್ಟು ಎತ್ತಿದರೆ ಟ್ರಿಗರ್ ಮೇಲೆ ಬೀಳುವ ಬಲ 500 ಗ್ರಾಂಗಿಂತ ಜಾಸ್ತಿ ಆಗುತ್ತದೆ. ಒಂದು ಸೆಕೆಂಡಿನಲ್ಲಿ ವೇಗ ಸೊನ್ನೆಯಿಂದ ಸೆಕೆಂಡಿಗೆ 1 ಮೀಟರಿಗೆ ಏರುವಷ್ಟು ಜೋರಾಗಿ ಎತ್ತಲು ಶುರುಮಾಡಿದರೆ ಆ ಹೊತ್ತಿಗೆ 550 ಗ್ರಾಂ ತೂಗಿದ ಹಾಗೆ. ಮೊದಲು ಫಸ್ಟ್ ಸ್ಟೇಜ್ (ಬೆರಳಿಗೆ ತಡೆ ಸಿಗುವವರೆಗಿನ ಎಳೆತ; ಆ ತಡೆ ದಾಟಿಸುವುದು ಸೆಕೆಂಡ್ ಸ್ಟೇಜ್) ಪೂರ್ತಿ ಹೋಗಲಿ, ತೂಕ ಅಲ್ಲಾಡದೆ ನಿಲ್ಲಲಿ, ಆಮೇಲೆ ನಿಧಾನವಾಗಿ ಮೇಲಕ್ಕೆ. ಬಾಣಲೆಯಿಂದ ಎಣ್ಣೆ ತುಳುಕದಂತೆ ಎತ್ತುವ ಕೈ ಇರಬೇಕು. ಇದನ್ನು ಅಭ್ಯಾಸ ಮಾಡುವುದು ನಿಮ್ಮ ಟ್ರೇನಿಂಗಿನ ಭಾಗ ಅಂತಲೇ ತಿಳಿಯಿರಿ.

ಪ್ರಶ್ನೆ: ಸರ್, ನಾನು 25 ಮೀಟರ್ ಪಿಸ್ತೂಲ್ ಶೂಟ್ ಮಾಡುತ್ತೇನೆ. ನಮಗೂ ಇದೇ ರೀತಿನಾ? ಮತ್ತೆ ಫಸ್ಟ್ ಸ್ಟೇಜ್, ಸೆಕೆಂಡ್ ಸ್ಟೇಜ್ ಎಷ್ಟೆಷ್ಟು ಇಡಬೇಕು?

ಉತ್ತರ: ರೀತಿ ಅದೇ ಮೇಡಂ, ತೂಕ ಮಾತ್ರ 1000 ಗ್ರಾಂ. ರ‍್ಯಾಪಿಡ್ ಫೈರ್, ಸ್ಟ್ಯಾಂಡರ್ಡ್ ಪಿಸ್ತೂಲಿಗೂ 1000. ಏರ್ ಪಿಸ್ತೂಲಿಗೆ 500. 50 ಮೀಟರ್ ಫ್ರೀ ಪಿಸ್ತೂಲಿಗೆ ಕನಿಷ್ಠ ಮಿತಿಯೇ ಇಲ್ಲ.

ಎರಡು ಸ್ಟೇಜ್ ಹೇಗೆ ಹಂಚಿಕೊಂಡರೂ ನಿಯಮಕ್ಕೆ ಪರವಾಗಿಲ್ಲ. ಟ್ರಿಗರ್ ಬಿಡುವಾಗಿನ ಒಟ್ಟು ಭಾರ ಮಾತ್ರ ಲೆಕ್ಕ. ಏರ್ ಪಿಸ್ತೂಲಿನಲ್ಲಿ ಫಸ್ಟ್ ಸ್ಟೇಜಿಗೆ 350, ಅದರ ಮೇಲೆ 150 ಅನ್ನುವುದು ಸಾಮಾನ್ಯವಾದ ಹಂಚಿಕೆ. ಹೊಸಬರಿಗೆ ಸೆಕೆಂಡ್ ಸ್ಟೇಜ್ ಸ್ವಲ್ಪ ಜಾಸ್ತಿ ಇರಲಿ ಅಂತ ನಾನು ಹೇಳುತ್ತೇನೆ. ಬೆರಳಿಗೆ ಆ ತಡೆ ಗೋಡೆಯ ಹಾಗೆ ಸ್ಪಷ್ಟವಾಗಿ ಸಿಗಬೇಕು, ಇಲ್ಲದಿದ್ದರೆ ಗುರಿ ಕೂರುವ ಮೊದಲೇ ಶಾಟ್ ಹೋಗುತ್ತದೆ.

ಒಟ್ಟು ಭಾರವನ್ನು ಮಿತಿಗಿಂತ 10–20 ಗ್ರಾಂ ಮೇಲೆ ಇಡಿ. ಸ್ಪ್ರಿಂಗ್ ಕಾಲಕ್ರಮೇಣ ಸಡಿಲವಾಗುತ್ತದೆ, ಸ್ಕ್ರೂ ಜರುಗುತ್ತದೆ, ಎಣ್ಣೆ ಮಂದವಾಗುತ್ತದೆ. ಮಿತಿ ಪಂದ್ಯ ಪೂರ್ತಿ ಉಳಿಯಬೇಕು. ಪಂದ್ಯ ಮುಗಿದ ಮೇಲೂ ಚೀಟಿ ಎತ್ತಿ ಕೆಲವರ ಪಿಸ್ತೂಲ್ ನೋಡುತ್ತಾರೆ. ಅಲ್ಲಿ ಫೇಲ್ ಆದರೆ ಡಿಸ್ಕ್ವಾಲಿಫೈ. ಆ 15 ಗ್ರಾಂ ಬೆರಳಿಗೆ ಗೊತ್ತೂ ಆಗುವುದಿಲ್ಲ. ಅದಕ್ಕೋಸ್ಕರ ಇಡೀ ದಿನದ ಶೂಟಿಂಗ್ ಪಣಕ್ಕಿಡಬೇಡಿ.

ಪ್ರಶ್ನೆ: ತೂಕವನ್ನು ನಾವೇ ಮಾಡಿಕೊಳ್ಳಬಹುದಾ?

ಉತ್ತರ: ಖಂಡಿತ. ಗಟ್ಟಿ ತಂತಿಯ ಕೊಕ್ಕೆಗೆ ಒಂದು ಡಬ್ಬಿ ಕಟ್ಟಿ, ಒಳಗೆ ಛರ್ರೆ (ಸಣ್ಣ ಗುಂಡು) ತುಂಬಿ. ಕೊಕ್ಕೆ, ಡಬ್ಬಿ, ಮುಚ್ಚಳ ಎಲ್ಲಾ ಸೇರಿ 500 ಆಗಬೇಕು. ಕೊಕ್ಕೆಯ ಭಾರ ಬಿಟ್ಟು ಲೆಕ್ಕ ಹಾಕುವವರೇ ಜಾಸ್ತಿ. ಗ್ರಾಂ ಲೆಕ್ಕದಲ್ಲಿ ತೋರಿಸುವ ಡಿಜಿಟಲ್ ತಕ್ಕಡಿ ಸಾಕು, ಆದರೆ ಮೊದಲು ಖಚಿತ ತೂಕದ ಬಟ್ಟು ಇಟ್ಟು ಅದನ್ನೇ ಪರೀಕ್ಷಿಸಿ. ಸಾಧ್ಯವಾದರೆ 500, 510, 520ರ ಮೂರು ಡಬ್ಬಿ ಮಾಡಿ. 510 ನಿಂತು 520ಕ್ಕೆ ಬಿಟ್ಟರೆ ನಿಮ್ಮ ಟ್ರಿಗರ್ ಆ ಎರಡರ ನಡುವೆ ಇದೆ ಅಂತಾಯಿತು.

ಪ್ರಶ್ನೆ: ಡ್ರೈ ಫೈರ್ ಮೋಡಿನಲ್ಲಿಟ್ಟು (ಗಾಳಿ ಬಿಡದೆ ಟ್ರಿಗರ್ ಮಾತ್ರ ಕೆಲಸ ಮಾಡುವಂತೆ) ಅಳೆದರೆ ಆಗಲ್ವಾ? ಸಿಲಿಂಡರ್ ಗಾಳಿ ಉಳಿಯುತ್ತದೆ.

ಉತ್ತರ: ಬೇಡ. ಗಾಳಿ ಒತ್ತಡ ಇರುವ ಸ್ಥಿತಿಯಲ್ಲೇ, ಶೂಟ್ ಮಾಡುವಾಗ ಹೇಗಿರುತ್ತದೋ ಹಾಗೇ ಕಾಕ್ ಮಾಡಿ ಅಳೆಯಬೇಕು, ನಿಯಮವೂ ಅದೇ. ಡ್ರೈ ಫೈರಿನಲ್ಲಿ ಸಿಕ್ಕ ಸಂಖ್ಯೆ ಅದೇ ಇರುತ್ತದೆ ಅನ್ನುವ ಭರವಸೆ ಇಲ್ಲ. ಅಳೆಯುವ ಮೊದಲು ಬ್ಯಾರಲ್ ಖಾಲಿ ಇದೆಯಾ ಅಂತ ಕಣ್ಣಾರೆ ನೋಡಿ, ಮೂತಿಯ ದಾರಿಯಲ್ಲಿ ಮುಖ, ಕೈ ಇರಬಾರದು. .22 ಪಿಸ್ತೂಲ್ ಆದರೆ ಮ್ಯಾಗಝಿನ್ ತೆಗೆದು, ಚೇಂಬರ್ ನೋಡಿ, ರೇಂಜಿನಲ್ಲಿ ಮಾತ್ರ ಅಳೆಯಿರಿ.